ಒಂದೇ ಊರಿನ ಎರಡು ಫೋನುಗಳು: ಕರಾವಳಿಯ ಅಶಾಂತಿ ಗಲ್ಫಿನಿಂದ ಕಾಣುವುದು ಹೇಗೆ?

2025ರ ಮೇ 27, ಮಂಗಳವಾರ ಸಂಜೆ. ಶಾರ್ಜಾದ ನಮ್ಮ ಕೋಣೆಯ ಊಟದ ಮೇಜಿನ ಮೇಲೆ ಎರಡು ಫೋನುಗಳು ಒಂದರ ಹಿಂದೊಂದು ಗುಂಯ್‌ಗುಡುತ್ತಿದ್ದವು. ಒಂದು ನನ್ನದು, ಇನ್ನೊಂದು ನನ್ನ ಜೊತೆ ಹನ್ನೊಂದು ವರ್ಷಗಳಿಂದ ಕೋಣೆ ಹಂಚಿಕೊಂಡಿರುವ ಗೆಳೆಯನದು. ಇಬ್ಬರದೂ ಬಂಟ್ವಾಳ ತಾಲ್ಲೂಕು. ಅವನ ಮನೆಗೂ ನನ್ನ ಮನೆಗೂ ಆರು ಕಿಲೋಮೀಟರ್ ದೂರ, ನಡುವೆ ನೇತ್ರಾವತಿ. ಅವನ ಮನೆಮಾತು ಕರಾವಳಿಯ ಮುಸ್ಲಿಮರಾಡುವ ಬ್ಯಾರಿ, ನನ್ನದು ತುಳು. ಕೋಣೆಯಲ್ಲಿ ತುಳುವಿನಲ್ಲೇ ಮಾತು, ತುಳುವಿನಲ್ಲೇ ಜಗಳ.

ಅಂದು ಮಧ್ಯಾಹ್ನ ಬಂಟ್ವಾಳದ ಕೊಳತ್ತಮಜಲು ಬಳಿ ಮರಳು ಇಳಿಸುತ್ತಿದ್ದ ಪಿಕಪ್ ಚಾಲಕನನ್ನು ತಲವಾರಿನಿಂದ ಕಡಿದು ಕೊಂದಿದ್ದರು. ಜೊತೆಗಿದ್ದವನಿಗೂ ಗಾಯಗಳಾಗಿದ್ದವು. ನನ್ನ ಫೋನಿಗೆ ಈ ಸುದ್ದಿ ಬಂದದ್ದು ‘ಬಜಪೆಗೆ ಉತ್ತರ’ ಎಂಬ ಹಣೆಪಟ್ಟಿಯೊಂದಿಗೆ; ಅದೇ ತಿಂಗಳ ಮೊದಲ ದಿನ ಬಜಪೆಯಲ್ಲಿ ಒಂದು ಕೊಲೆಯಾಗಿತ್ತು. ಅವನ ಫೋನಿಗೆ ಬಂದದ್ದು ‘ಇನ್ನು ನಮ್ಮನ್ನು ಉಳಿಸುವವರು ಯಾರೂ ಇಲ್ಲ’ ಎಂಬ ಧ್ವನಿಮುದ್ರಿಕೆಯೊಂದಿಗೆ. ರಾತ್ರಿ ಊರಿನಿಂದ ಅಮ್ಮ ಕರೆ ಮಾಡಿದರು. ಕೊನೆಯ ಬಸ್ ಬರಲಿಲ್ಲ, ಅಂಗಡಿಗಳು ಏಳಕ್ಕೇ ಬಾಗಿಲು ಹಾಕಿದವು, ನೀವಿಬ್ಬರೂ ಊಟ ಮಾಡಿದಿರಾ ಎಂದು ಕೇಳಿದರು. ‘ನೀವಿಬ್ಬರೂ’ ಎಂಬ ಆ ಮಾತು ನಮ್ಮ ಫೋನುಗಳಿಗೆ ಬಂದ ನೂರಾರು ಸಂದೇಶಗಳಲ್ಲಿ ಒಂದರಲ್ಲೂ ಇರಲಿಲ್ಲ.

ದುಬೈ, ಅಬುಧಾಬಿ, ಕುವೈತ್, ದಮ್ಮಾಮ್, ಮಸ್ಕತ್‌ಗಳಲ್ಲಿ ದುಡಿಯುವ ಕರಾವಳಿಗರ ಬಾಯಲ್ಲಿ ಈಗ ಸಾಮಾನ್ಯವಾಗಿ ಕೇಳಿಬರುವ ಮಾತು ‘ಊರು ಕೆಟ್ಟುಹೋಯಿತು’ ಎಂಬುದು. ಮಗಳನ್ನು ಮಂಗಳೂರಿನ ಕಾಲೇಜಿಗೆ ಸೇರಿಸಬಹುದೇ, ಸುರತ್ಕಲ್‌ನಲ್ಲಿ ಫ್ಲ್ಯಾಟ್‌ಗೆ ಮುಂಗಡ ಕೊಡಬಹುದೇ, ವಯಸ್ಸಾದ ತಂದೆ ತಾಯಿಯನ್ನು ಒಂಟಿ ಮನೆಯಲ್ಲಿ ಬಿಡಬಹುದೇ ಎಂಬ ಪ್ರಶ್ನೆಗಳೆಲ್ಲ ಆ ಒಂದು ಮಾತಿಗೆ ಬಂದು ನಿಲ್ಲುತ್ತವೆ. ಈ ಭಯಕ್ಕೆ ಕಾರಣಗಳಿವೆ, ಅದನ್ನು ಯಾರೂ ತಳ್ಳಿಹಾಕಬಾರದು. ಆದರೆ ಬೇರೆ ಬೇರೆ ಸಂಗತಿಗಳು ಒಂದೇ ಗಂಟಿನಲ್ಲಿ ಸೇರಿಕೊಂಡಿವೆ. ಗಂಟು ಬಿಚ್ಚದೆ ಊರಿಗೆ ಏನಾಗಿದೆ ಎಂದು ತಿಳಿಯುವುದಿಲ್ಲ.

ಕಳ್ಳತನದ ಭಯವೇ ಬೇರೆ

2025ರ ಜನವರಿ 17ರ ಮಧ್ಯಾಹ್ನ ತಲಪಾಡಿ ಸಮೀಪದ ಕೆ.ಸಿ. ರೋಡ್‌ನಲ್ಲಿ ಕೋಟೆಕಾರು ವ್ಯವಸಾಯ ಸೇವಾ ಸಹಕಾರಿ ಸಂಘದ ಶಾಖೆಗೆ ಮುಸುಕುಧಾರಿಗಳು ನುಗ್ಗಿ ಚಿನ್ನ ದೋಚಿದರು. ಗಲ್ಫಿನಲ್ಲಿರುವವರಿಗೆ ಇದು ಎದೆಗೆ ನಾಟಿದ ಸುದ್ದಿ. ವೀಸಾ ಖರ್ಚಿಗೆ, ಮನೆಯ ತಾರಸಿಗೆ, ತಂಗಿಯ ಮದುವೆಗೆ ನಮ್ಮ ಚಿನ್ನ ಅಡವಿರುವುದು ಇಂಥ ಸಂಘಗಳಲ್ಲೇ. ಆದರೆ ಕೆಲವೇ ದಿನಗಳಲ್ಲಿ ಪೊಲೀಸರು ತಮಿಳುನಾಡಿನಲ್ಲಿ ಆರೋಪಿಗಳನ್ನು ಹಿಡಿದರು, ಸುಮಾರು 18 ಕಿಲೋ ಚಿನ್ನ ಮರಳಿ ಸಿಕ್ಕಿತು. ಅದೇ ವರ್ಷದ ಮಾರ್ಚ್‌ನಲ್ಲಿ ಮಂಗಳೂರು ಪೊಲೀಸರ ಅಪರಾಧ ಪತ್ತೆ ವಿಭಾಗದವರು (ಸಿಸಿಬಿ) ಬೆಂಗಳೂರಿನಲ್ಲಿ 37 ಕಿಲೋಗೂ ಹೆಚ್ಚು ಎಂಡಿಎಂಎ ಎಂಬ ಮಾದಕವಸ್ತು ವಶಪಡಿಸಿಕೊಂಡರು. ಅದರ ಮೌಲ್ಯ 75 ಕೋಟಿ ರೂಪಾಯಿ ಎಂದು ಹೇಳಲಾಯಿತು. ಮಂಗಳೂರಿನಲ್ಲಿ ಸಿಕ್ಕಿದ ಸಣ್ಣ ಪೊಟ್ಟಣಗಳ ಜಾಡು ಹಿಡಿದು ಹೋದ ತನಿಖೆ ಅದು.

ಇವು ಸಣ್ಣ ಸಂಗತಿಗಳಲ್ಲ. ಮಾದಕವಸ್ತು ಕಾಲೇಜಿನ ಗೇಟಿನವರೆಗೆ ಬಂದಿದೆ ಎಂಬುದು ಮಕ್ಕಳನ್ನು ಊರಿನಲ್ಲಿ ಬಿಟ್ಟವರಿಗೆಲ್ಲ ನಿದ್ದೆಗೆಡಿಸುವ ಸಂಗತಿ. ಆದರೂ ದರೋಡೆಗೆ, ಮಾದಕವಸ್ತು ಸಾಗಣೆಗೆ ಪೊಲೀಸರ ಬಳಿ ಮದ್ದಿದೆ: ಸುಳಿವು, ಬೆನ್ನಟ್ಟುವಿಕೆ, ಬಂಧನ, ವಸೂಲಿ. ಇಂಥ ಅಪರಾಧ ನಡೆದಾಗ ಇಡೀ ಊರು ಒಟ್ಟಾಗಿ ಕಳ್ಳನನ್ನು ಬೈಯುತ್ತದೆ. ಊರು ಹಿಂದೂ, ಮುಸ್ಲಿಂ ಎಂದು ಎರಡಾಗುವುದು ಮುಂದೆ ಹೇಳುವ ಅಪರಾಧಗಳಲ್ಲಿ.

ಒಂದು ಕೊಲೆ ಇನ್ನೊಂದನ್ನು ಕರೆಯುವ ಬಗೆ

ಇಲ್ಲಿ ನಾನು ಸತ್ತವರ ಹೆಸರುಗಳನ್ನು ಬರೆಯುವುದಿಲ್ಲ. ನಮ್ಮ ಊರಿನಲ್ಲಿ ಈಗ ಹೆಸರು ಕೇಳಿದ ಮೇಲೆಯೇ ಎಷ್ಟು ದುಃಖಪಡಬೇಕು ಎಂದು ಜನ ನಿರ್ಧರಿಸುತ್ತಾರೆ. ಜಾಗ, ದಿನಾಂಕ ಸಾಕು.

2022ರ ಜುಲೈ 19ರಂದು ಸುಳ್ಯ ತಾಲ್ಲೂಕಿನ ಕಳಂಜದಲ್ಲಿ ಒಬ್ಬ ಹುಡುಗನ ಮೇಲೆ ಹಲ್ಲೆಯಾಯಿತು, ಎರಡು ದಿನಗಳ ನಂತರ ಅವನು ತೀರಿಕೊಂಡ. 26ರಂದು ಅಲ್ಲೇ ಪಕ್ಕದ ಬೆಳ್ಳಾರೆಯಲ್ಲಿ, ಅಂಗಡಿ ಮುಚ್ಚುವ ಹೊತ್ತಿಗೆ ಇನ್ನೊಬ್ಬನ ಕೊಲೆಯಾಯಿತು. 28ರಂದು ಸುರತ್ಕಲ್‌ನಲ್ಲಿ ಬಟ್ಟೆ ಅಂಗಡಿಯ ಎದುರು ಮೂರನೆಯವನ ಕೊಲೆಯಾಯಿತು. ಹತ್ತೇ ದಿನಗಳಲ್ಲಿ ಮೂರು ಮನೆಗಳ ದೀಪ ಆರಿತು. ಮೂವರೂ ಎಳೆಯ ವಯಸ್ಸಿನವರು.

ಮೂರು ವರ್ಷ ಮುಂದೆ ಬನ್ನಿ. 2025ರ ಏಪ್ರಿಲ್ 27ರಂದು ಮಂಗಳೂರು ಹೊರವಲಯದ ಕುಡುಪುವಿನಲ್ಲಿ ಕ್ರಿಕೆಟ್ ಪಂದ್ಯ ನಡೆಯುತ್ತಿದ್ದ ಮೈದಾನದ ಬಳಿ ವಯನಾಡು ಮೂಲದ ಒಬ್ಬನನ್ನು ಗುಂಪು ಹೊಡೆದು ಕೊಂದಿತು. ಮೇ 1ರ ರಾತ್ರಿ ಬಜಪೆಯಲ್ಲಿ ಕಾರು ಅಡ್ಡಗಟ್ಟಿ ಒಬ್ಬನನ್ನು ಕಡಿದು ಕೊಂದರು. ಮರುದಿನ ಬಂದ್ ಕರೆ, ಬಸ್ಸುಗಳಿಗೆ ಕಲ್ಲು, ನಿಷೇಧಾಜ್ಞೆ. ಮೇ 27ರಂದು ಕೊಳತ್ತಮಜಲು. ಬಜಪೆಯಲ್ಲಿ ಸತ್ತವನು 2022ರ ಸುರತ್ಕಲ್ ಕೊಲೆಯ ಪ್ರಮುಖ ಆರೋಪಿ, ಜಾಮೀನಿನ ಮೇಲೆ ಹೊರಗಿದ್ದವನು. ಮೂರು ವರ್ಷ ಕಳೆದರೂ ನ್ಯಾಯಾಲಯದಲ್ಲಿ ಮುಗಿಯದ ಲೆಕ್ಕವನ್ನು ರಸ್ತೆಯಲ್ಲಿ ಮುಗಿಸಲಾಯಿತು.

ಪ್ರತೀಕಾರದ ಕೊಲೆ ಉಳಿದ ಕೊಲೆಗಳಿಗಿಂತ ಹೇಗೆ ಬೇರೆ ಎಂಬುದನ್ನು ಅರ್ಥಮಾಡಿಕೊಳ್ಳಬೇಕು. ಆಸ್ತಿ ಜಗಳದಲ್ಲಿ ಕೊಂದವನಿಗೆ ಕೊಲ್ಲಬೇಕಾದ ವ್ಯಕ್ತಿ ಒಬ್ಬನೇ ಇರುತ್ತಾನೆ. ಸೇಡಿನ ಸರಪಳಿಯಲ್ಲಿ ಆ ಕಡೆಯ ಯಾರಾದರೂ ಆಗಬಹುದು. ಕೈಗೆ ಸುಲಭವಾಗಿ ಸಿಗುವವನು, ಸಂಜೆ ಅಂಗಡಿ ಮುಚ್ಚುವವನು, ಪಿಕಪ್‌ನಿಂದ ಮರಳು ಇಳಿಸುವವನು. ಈ ‘ಯಾರಾದರೂ’ ಎಂಬ ಪದವೇ ಸಾವಿರಾರು ಮನೆಗಳ ಬಾಗಿಲಿಗೆ ಏಳು ಗಂಟೆಗೇ ಚಿಲಕ ಹಾಕಿಸುತ್ತದೆ. ಸತ್ತವನು ಒಬ್ಬನಾದರೂ ಹೆದರುವವರು ಒಂದು ಸಮುದಾಯದಷ್ಟು ಜನ, ಮರುವಾರ ಇನ್ನೊಂದು ಸಮುದಾಯದಷ್ಟು ಜನ.

ಇಷ್ಟಾದರೂ ಅಪರಾಧದ ಅಂಕಿಅಂಶಗಳಲ್ಲಿ ಇದು ಕಾಣಿಸುವುದೇ ಇಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಲೆಕ್ಕ ಹಾಕುವುದು ಠಾಣೆಯಲ್ಲಿ ದಾಖಲಾದ ಪ್ರಕರಣಗಳನ್ನು. ಒಂದು ಪ್ರಕರಣದಲ್ಲಿ ಹಲವು ಅಪರಾಧಗಳಿದ್ದರೆ ಅತಿ ಗಂಭೀರವಾದ ಒಂದನ್ನು ಮಾತ್ರ ಎಣಿಸುತ್ತದೆ. 2011ರ ಜನಗಣತಿಯಂತೆ ಸುಮಾರು 21 ಲಕ್ಷ ಜನರಿರುವ ಜಿಲ್ಲೆಯಲ್ಲಿ ಯಾವುದೋ ಒಂದು ತಿಂಗಳಲ್ಲಿ ಮೂರು ಕೊಲೆ ಹೆಚ್ಚಾದರೆ ಒಟ್ಟು ಅಪರಾಧಗಳ ಕೋಷ್ಟಕದ ಗೆರೆ ಅಲುಗುವುದೂ ಇಲ್ಲ. ಬ್ಯೂರೊ ವಿಶೇಷವಾಗಿ ವರದಿ ಮಾಡುವ ಮಹಾನಗರಗಳ ಪಟ್ಟಿಯಲ್ಲಿ ಮಂಗಳೂರು ಇಲ್ಲ, ಅಲ್ಲಿರುವುದು 20 ಲಕ್ಷ ಮೀರಿದ ನಗರಗಳು ಮಾತ್ರ. ಹೀಗಾಗಿ ‘ಅಂಕಿಅಂಶ ನೋಡಿ, ಊರು ಶಾಂತವಾಗಿದೆ’ ಎನ್ನುವ ಅಧಿಕಾರಿಯೂ ಸುಳ್ಳು ಹೇಳುತ್ತಿಲ್ಲ, ‘ರಾತ್ರಿ ಹೊರಗೆ ಕಾಲಿಡಲು ಭಯ’ ಎನ್ನುವ ನನ್ನ ಅಮ್ಮನೂ ಸುಳ್ಳು ಹೇಳುತ್ತಿಲ್ಲ. ಅವರು ಎಣಿಸುತ್ತಿರುವುದು ಪ್ರಕರಣಗಳನ್ನು, ಅಮ್ಮ ಎಣಿಸುತ್ತಿರುವುದು ಬಾರದ ಬಸ್ಸುಗಳನ್ನು.

ಸರಪಳಿ ಏಕೆ ತುಂಡಾಗುವುದಿಲ್ಲ?

ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇಲ್ಲಿದೆ.

2009ರ ಜನವರಿ 24ರಂದು ಮಂಗಳೂರಿನ ಪಬ್ ಒಂದಕ್ಕೆ ನುಗ್ಗಿದ ಗುಂಪು ಹೆಣ್ಣುಮಕ್ಕಳನ್ನು ಅಟ್ಟಾಡಿಸಿ ಹೊಡೆಯಿತು. ಟಿವಿ ಕ್ಯಾಮೆರಾ ಮುಂದೆಯೇ ನಡೆದ ಘಟನೆ, ದೇಶವೇ ನೋಡಿತು. 2018ರಲ್ಲಿ ಆರೋಪಿಗಳು ಖುಲಾಸೆಯಾದರು. 2012ರ ಜುಲೈ 28ರಂದು ಪಡೀಲಿನ ಹೋಂಸ್ಟೇ ಮೇಲೆ ದಾಳಿ ನಡೆಯಿತು, ಹುಟ್ಟುಹಬ್ಬ ಆಚರಿಸುತ್ತಿದ್ದ ಹುಡುಗ ಹುಡುಗಿಯರನ್ನು ಥಳಿಸಲಾಯಿತು. ಅದೂ ಕ್ಯಾಮೆರಾದಲ್ಲಿ ದಾಖಲಾಗಿತ್ತು. ಹನ್ನೆರಡು ವರ್ಷಗಳ ನಂತರ, 2024ರಲ್ಲಿ, ಆ ಆರೋಪಿಗಳೂ ಖುಲಾಸೆಯಾದರು. ನ್ಯಾಯಾಧೀಶರು ತಮ್ಮ ಮುಂದಿಟ್ಟ ಸಾಕ್ಷ್ಯವನ್ನು ನೋಡಿ ತೀರ್ಪು ಕೊಡುತ್ತಾರೆ. ಕೋಟಿಗಟ್ಟಲೆ ಜನ ಟಿವಿಯಲ್ಲಿ ಕಂಡದ್ದು ಸಾಕ್ಷಿಕಟ್ಟೆಗೆ ಬರುವಷ್ಟರಲ್ಲಿ ಕರಗಿಹೋಗಿತ್ತು.

ಕರಗುವುದು ಹೇಗೆ? ಹೊಡೆತ ತಿಂದವರು ಓದು ಮುಗಿಸಿ, ಮದುವೆಯಾಗಿ, ಬೇರೆ ಊರು ಸೇರಿರುತ್ತಾರೆ. ಕಣ್ಣಾರೆ ಕಂಡವನಿಗೆ ಆರೋಪಿಯ ಮನೆಯ ಎದುರಿನಿಂದಲೇ ದಿನವೂ ನಡೆದು ಹೋಗಬೇಕಾಗುತ್ತದೆ. ಪಂಚನಾಮೆಗೆ ಸಹಿ ಹಾಕಿದವನು ‘ನನಗೆ ನೆನಪಿಲ್ಲ’ ಎನ್ನುತ್ತಾನೆ. ಹತ್ತು ವರ್ಷದಲ್ಲಿ ತನಿಖಾಧಿಕಾರಿಗಳು ಎಷ್ಟೋ ಸಲ ಬದಲಾಗಿರುತ್ತಾರೆ. ಅಷ್ಟರಲ್ಲಿ ಇಪ್ಪತ್ತರ ಹುಡುಗರು ಒಂದು ಪಾಠ ಕಲಿತಿರುತ್ತಾರೆ: ಹೊಡೆದರೆ ಜಾಮೀನು ಸಿಗುತ್ತದೆ, ಜಾಮೀನಿನ ಮೇಲೆ ಬಂದರೆ ಹಾರ ಸಿಗುತ್ತದೆ. ಸಂತ್ರಸ್ತರ ಕಡೆಯವರು ಇನ್ನೊಂದು ಪಾಠ ಕಲಿಯುತ್ತಾರೆ: ನ್ಯಾಯಾಲಯವನ್ನು ಕಾದು ಕುಳಿತರೆ ಆಗುವ ಕೆಲಸವಲ್ಲ. ಮೊದಲ ಪಾಠದಿಂದ ಮೊದಲ ಕೊಲೆ, ಎರಡನೆಯದರಿಂದ ಎರಡನೆಯ ಕೊಲೆ.

ಪ್ರಚೋದಿಸಿದವರ ಕಥೆ ಇನ್ನೂ ಸುಲಭದ್ದು. ಸಮುದಾಯಗಳ ನಡುವೆ ದ್ವೇಷ ಹುಟ್ಟಿಸುವ ಭಾಷಣಕ್ಕೆ ಭಾರತೀಯ ನ್ಯಾಯ ಸಂಹಿತೆಯ 196ನೇ ಕಲಂ ಇದೆ, ಮೂರು ವರ್ಷದವರೆಗೆ ಶಿಕ್ಷೆಯೂ ಇದೆ. ಆದರೆ ನ್ಯಾಯಾಲಯ ಅದನ್ನು ವಿಚಾರಣೆಗೆ ಎತ್ತಿಕೊಳ್ಳಲು ಸರ್ಕಾರದ ಪೂರ್ವಾನುಮತಿ ಬೇಕು. ವೇದಿಕೆಯ ಮೇಲೆ ಮಾತನಾಡಿದವನ ಕಡತ ಅನುಮತಿಗಾಗಿ ಕಾಯುತ್ತದೆ, ಕೆಳಗೆ ನಿಂತು ಕೇಳಿಸಿಕೊಂಡ ಬಡವರ ಮನೆಯ ಹುಡುಗ ಜೈಲಿಗೆ ಹೋಗುತ್ತಾನೆ. ಎರಡೂ ಕಡೆಯ ಆರೋಪಿಗಳ ಮನೆಗಳನ್ನು ನಾನು ಕಂಡಿದ್ದೇನೆ. ಹೆಂಚಿನ ಮನೆ, ಬೀಡಿ ಕಟ್ಟುವ ತಾಯಿ, ಅರ್ಧಕ್ಕೆ ಬಿಟ್ಟ ಐಟಿಐ.

ಸರ್ಕಾರದ ದುಃಖವೂ ಸಮನಾಗಿರಲಿಲ್ಲ. 2022ರಲ್ಲಿ ಅಂದಿನ ಮುಖ್ಯಮಂತ್ರಿ ಸಾಂತ್ವನ ಹೇಳಲು ಹೋದದ್ದು ಬೆಳ್ಳಾರೆಯ ಒಂದು ಮನೆಗೆ, ಪರಿಹಾರ ಸಿಕ್ಕಿದ್ದೂ ಆ ಮನೆಗೆ. ಕಳಂಜ, ಸುರತ್ಕಲ್‌ನ ಮನೆಗಳ ಮುಂದೆ ಕಾರು ನಿಲ್ಲಲಿಲ್ಲ. ಸರ್ಕಾರ ಬದಲಾದ ಮೇಲೆ, 2023ರ ಜೂನ್‌ನಲ್ಲಿ, ಆ ಕುಟುಂಬಗಳಿಗೂ ಹಳೆಯ ಬೇರೆ ಪ್ರಕರಣಗಳ ಕುಟುಂಬಗಳಿಗೂ ತಲಾ 25 ಲಕ್ಷ ರೂಪಾಯಿ ಕೊಡಲಾಯಿತು. ಹಣ ತಡವಾಗಿಯಾದರೂ ಬಂತು. ಆದರೆ ನಡುವಿನ ಆ ಹನ್ನೊಂದು ತಿಂಗಳಲ್ಲಿ ಒಂದು ಸಮುದಾಯದ ಹುಡುಗರ ಮನಸ್ಸಿನಲ್ಲಿ ಏನು ಕುಳಿತಿತೋ ಅದನ್ನು ಚೆಕ್ಕಿನಿಂದ ತೆಗೆಯಲಾಗದು.

2025ರ ಮೇ ನಂತರ ಸರ್ಕಾರ ಕಣ್ಣು ತೆರೆಯಿತು ಎಂಬುದನ್ನು ಒಪ್ಪಬೇಕು. ಮಂಗಳೂರು ಪೊಲೀಸ್ ಆಯುಕ್ತರು, ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿ ಇಬ್ಬರೂ ಬದಲಾದರು. ನಕ್ಸಲ್ ಚಟುವಟಿಕೆ ತಣ್ಣಗಾದ್ದರಿಂದ ನಕ್ಸಲ್ ನಿಗ್ರಹ ಪಡೆಯ ಸಿಬ್ಬಂದಿಯನ್ನು ತೆಗೆದು 248 ಮಂದಿಯ ವಿಶೇಷ ಕಾರ್ಯಪಡೆಯನ್ನು ದಕ್ಷಿಣ ಕನ್ನಡ, ಉಡುಪಿ, ಶಿವಮೊಗ್ಗ ಜಿಲ್ಲೆಗಳಿಗಾಗಿ ಕಟ್ಟಲಾಯಿತು. ಜೂನ್‌ನಲ್ಲಿ ಅದು ಮಂಗಳೂರಿನಲ್ಲಿ ಕೆಲಸ ಶುರುಮಾಡಿತು. ಎರಡೂ ಕಡೆಯ 36 ಮಂದಿಯ ಗಡೀಪಾರಿಗೆ ಪ್ರಕ್ರಿಯೆ ನಡೆಯಿತು. ಬಜಪೆ ಪ್ರಕರಣ ರಾಷ್ಟ್ರೀಯ ತನಿಖಾ ದಳಕ್ಕೆ ಹೋಯಿತು. ಇವೆಲ್ಲ ಬೆಂಕಿ ಆರಿಸುವ ಕೆಲಸಗಳು, ಬೇಕಾದವು. ಆದರೆ ಹತ್ತು ವರ್ಷ ಎಳೆಯುವ ವಿಚಾರಣೆಯನ್ನು ಎರಡು ವರ್ಷಕ್ಕೆ ಇಳಿಸುವ ವಿಶೇಷ ನ್ಯಾಯಾಲಯ, ಸಾಕ್ಷಿಯ ಮನೆಯ ಮುಂದೆ ನಿಲ್ಲುವ ಒಬ್ಬ ಪೇದೆ, ಇವುಗಳ ಬಗ್ಗೆ ಮಾತನಾಡುವವರು ಕಡಿಮೆ.

ನಮ್ಮ ಕೈಯಲ್ಲಿರುವ ಫೋನು

ಈಗ ನಮ್ಮ ವಿಷಯಕ್ಕೆ ಬರೋಣ. ಗಲ್ಫಿನಲ್ಲಿರುವ ನಾವು ದೂರದಿಂದ ನೋಡುವವರು ಮಾತ್ರ ಎಂದು ಬಹಳ ದಿನ ನಂಬಿದ್ದೆ. ಆ ರಾತ್ರಿ ಎರಡು ಫೋನುಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ಆ ನಂಬಿಕೆ ಹೋಯಿತು. ಬಿ.ಸಿ. ರೋಡ್‌ನ ಒಂದು ವಿಡಿಯೊ ಬಂಟ್ವಾಳದ ಹುಡುಗನಿಂದ ಸೌದಿಯ ಜುಬೈಲ್‌ನಲ್ಲಿರುವ ಅಣ್ಣನಿಗೆ, ಅಲ್ಲಿಂದ ದುಬೈಯ ಸಂಘದ ಗುಂಪಿಗೆ, ಅಲ್ಲಿಂದ ಮರಳಿ ಬೆಳ್ತಂಗಡಿಯ ಮನೆಗೆ ಬಂದಿತ್ತು. ಹೊರಡುವಾಗ ಅದು ಹಳೆಯ ವಿಡಿಯೊ, ಮರಳುವಾಗ ‘ಈಗಷ್ಟೇ’ ಎಂಬ ಶೀರ್ಷಿಕೆ ಸೇರಿಕೊಂಡಿತ್ತು. ಪರದೇಶದಲ್ಲಿರುವ ಅಣ್ಣ ಕಳಿಸಿದ್ದು ಎಂಬ ಕಾರಣಕ್ಕೇ ಊರಿನಲ್ಲಿ ಅದಕ್ಕೆ ಹೆಚ್ಚಿನ ಬೆಲೆ. ಅಣ್ಣ ಓದಿದವನು, ತಿಳಿದವನು, ಸುಳ್ಳು ಕಳಿಸುವವನಲ್ಲ.

ಇದರ ಬೆಲೆಯನ್ನು ನಮ್ಮವನೇ ಒಬ್ಬ ತೆತ್ತಿದ್ದಾನೆ. ಕುಂದಾಪುರ ಕಡೆಯ ಒಬ್ಬ ಎಸಿ ತಂತ್ರಜ್ಞ 2019ರ ಡಿಸೆಂಬರ್‌ನಲ್ಲಿ ಸೌದಿಯ ದಮ್ಮಾಮ್‌ನಲ್ಲಿ ಬಂಧನಕ್ಕೊಳಗಾದ. ಮೆಕ್ಕಾ ಮತ್ತು ಸೌದಿ ಯುವರಾಜನ ಬಗ್ಗೆ ಅವಹೇಳನಕಾರಿ ಬರಹ ಹಾಕಿದನೆಂಬುದು ಆರೋಪ. ಉಡುಪಿ ಪೊಲೀಸರ ತನಿಖೆಯಲ್ಲಿ ಬಯಲಾದದ್ದು ಬೇರೆಯೇ: ಅವನ ಹೆಸರಿನಲ್ಲಿ ನಕಲಿ ಫೇಸ್‌ಬುಕ್ ಖಾತೆ ತೆರೆದು ಅದನ್ನು ಬರೆದವರು ಮೂಡುಬಿದಿರೆಯ ಇಬ್ಬರು. ಅವನು ಊರು ಮುಟ್ಟಿದ್ದು 2021ರ ಆಗಸ್ಟ್‌ನಲ್ಲಿ. ಇಪ್ಪತ್ತು ತಿಂಗಳು ಹೆಂಡತಿ ಮತ್ತು ಪುಟ್ಟ ಮಗಳು ಊರಿನಲ್ಲಿ, ಅವನು ಸೌದಿಯ ಜೈಲಿನಲ್ಲಿ. ಊರಿನ ದ್ವೇಷ ಸಮುದ್ರ ದಾಟಿ ಬಂದು ಒಬ್ಬ ದುಡಿಯುವ ಮನುಷ್ಯನನ್ನು ಹಿಡಿದುಕೊಂಡ ಬಗೆ ಇದು. ಅವನ ಬಿಡುಗಡೆಗಾಗಿ ಎರಡೂ ಧರ್ಮದವರು ಓಡಾಡಿದ್ದರು ಎಂಬುದನ್ನೂ ಹೇಳಬೇಕು.

ಹಣದ ವಿಷಯವೂ ಇದೆ. ಘಟನೆ ನಡೆದ ವಾರದಲ್ಲೇ ‘ನಮ್ಮ ಹುಡುಗರ ಕೇಸಿಗೆ’ ಎಂದು ಗುಂಪುಗಳಲ್ಲಿ ವಂತಿಗೆ ಎತ್ತಲಾಗುತ್ತದೆ. ನಾನೂ ಒಮ್ಮೆ ಕೊಟ್ಟಿದ್ದೇನೆ, ಯಾರ ಕೈ ಸೇರಿತು ಎಂದು ಇಂದಿಗೂ ತಿಳಿದಿಲ್ಲ. ಸತ್ತವನ ಮಕ್ಕಳ ಶಾಲೆಯ ಶುಲ್ಕವನ್ನು ನೇರವಾಗಿ ಶಾಲೆಗೇ ಕಟ್ಟಬಹುದಿತ್ತು ಎಂಬುದು ಹೊಳೆದದ್ದು ಆಮೇಲೆ.

ಊರಿನಲ್ಲಿ ಏನಾದರೂ ಆದಾಗ ಇಲ್ಲಿಂದ ಮಾಡಬಹುದಾದದ್ದು ಬಹಳಷ್ಟಿದೆ, ಅದು ಹೆಚ್ಚಿನವರಿಗೆ ಗೊತ್ತಿಲ್ಲ. ಇಲ್ಲಿಂದ 112 ಒತ್ತಿದರೆ ಊರಿನ ಪೊಲೀಸರಿಗೆ ತಾಗುವುದಿಲ್ಲ. ನಿಮ್ಮ ಠಾಣೆಯ ಸ್ಥಿರ ದೂರವಾಣಿ ಸಂಖ್ಯೆಯನ್ನು, ಮೊದಲು ದೇಶದ ಸಂಕೇತ 91, ಅದರ ನಂತರ ಮಂಗಳೂರಿಗೆ 824, ಬಂಟ್ವಾಳಕ್ಕೆ 8255 ಸೇರಿಸಿ ಫೋನಿನಲ್ಲಿ ಉಳಿಸಿಕೊಂಡಿರಿ. ಯಾವ ಠಾಣೆ ಎಂಬುದೂ ಗೊತ್ತಿರಲಿ. ಸುರತ್ಕಲ್, ಬಜಪೆ, ಉಳ್ಳಾಲ, ಮೂಡುಬಿದಿರೆ ಇವು ನಗರ ಪೊಲೀಸ್ ಆಯುಕ್ತರ ಕೈಕೆಳಗೆ. ಬಂಟ್ವಾಳ, ವಿಟ್ಲ, ಪುತ್ತೂರು, ಸುಳ್ಯ, ಬೆಳ್ತಂಗಡಿ ಇವು ಜಿಲ್ಲಾ ವರಿಷ್ಠಾಧಿಕಾರಿಯ ಕೈಕೆಳಗೆ. ತಪ್ಪು ಕಚೇರಿಗೆ ಕರೆ ಮಾಡಿ ಅರ್ಧ ರಾತ್ರಿ ಕಳೆದವರಿದ್ದಾರೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಹೊಸ ಕಾನೂನಿನಂತೆ ಇಮೇಲ್ ಮೂಲಕವೂ ದೂರು ಕೊಡಬಹುದು. ಆದರೆ ಮೂರು ದಿನದೊಳಗೆ ದೂರುದಾರ ಸಹಿ ಹಾಕಬೇಕು. ಇಲ್ಲಿರುವವರಿಗೆ ಅದು ಕಷ್ಟ, ಆದ್ದರಿಂದ ಊರಿನಲ್ಲಿರುವ ಅಣ್ಣನೋ ಅತ್ತಿಗೆಯೋ ದೂರು ಕೊಡುವುದೇ ಸರಿ. ಯಾವ ಠಾಣೆಯಲ್ಲಾದರೂ ಕೊಡಬಹುದು, ‘ನಮ್ಮ ವ್ಯಾಪ್ತಿಯಲ್ಲ’ ಎಂದು ತಿರುಗಿಸಿ ಕಳಿಸುವಂತಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಸಾಕ್ಷಿ. ಕಣ್ಣಾರೆ ಕಂಡ ಹುಡುಗ ಹೆದರಿ ವೀಸಾ ಹಿಡಿದು ವಿಮಾನ ಹತ್ತುವುದು ನಮ್ಮ ಕಡೆ ಹೊಸತಲ್ಲ. ಪ್ರಕರಣ ಬಿದ್ದುಹೋಗಲು ಅಷ್ಟೇ ಸಾಕು. ಆದರೆ ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿದ ಸಾಕ್ಷಿ ಸಂರಕ್ಷಣಾ ಯೋಜನೆಯಡಿ ಜಿಲ್ಲಾ ನ್ಯಾಯಾಧೀಶರ ನೇತೃತ್ವದ ಸಮಿತಿಗೆ ರಕ್ಷಣೆ ಕೋರಿ ಅರ್ಜಿ ಹಾಕಬಹುದು. ಪರದೇಶದಲ್ಲಿರುವವರು ನ್ಯಾಯಾಲಯದ ಅನುಮತಿ ಪಡೆದು, ಭಾರತೀಯ ದೂತಾವಾಸದ ಅಧಿಕಾರಿಯ ಸಮ್ಮುಖದಲ್ಲಿ ವಿಡಿಯೊ ಮೂಲಕ ಸಾಕ್ಷ್ಯ ನುಡಿಯಲೂ ದಾರಿಯಿದೆ.

ನಮ್ಮ ಕಟ್ಟಡದ ಮೂರನೇ ಮಹಡಿಯಲ್ಲಿ ಅಂಥ ಒಬ್ಬ ಹುಡುಗನಿದ್ದಾನೆ. ಊರಿನ ಒಂದು ಚೂರಿ ಇರಿತವನ್ನು ಹತ್ತಡಿ ದೂರದಿಂದ ಕಂಡವನು. ಇರಿದವನು ಅವನ ಸಮುದಾಯದವನೇ. ಎರಡು ಸಲ ಸಮನ್ಸ್ ಬಂದಾಗ ಅವನ ತಾಯಿ ‘ಮಗ ವಿದೇಶದಲ್ಲಿದ್ದಾನೆ’ ಎಂದು ಹೇಳಿ ಕಳಿಸಿದ್ದರು. ಮೇ ತಿಂಗಳ ನಂತರ ನಾನೂ ಗೆಳೆಯನೂ ಹಲವು ರಾತ್ರಿ ಅವನ ಜೊತೆ ಕುಳಿತೆವು. ಒತ್ತಾಯ ಮಾಡಲಿಲ್ಲ, ದಾರಿ ಇದೆ ಎಂದು ಮಾತ್ರ ಹೇಳಿದೆವು. ಸುಮಾರು ಎರಡು ತಿಂಗಳು ಅವನು ಏನೂ ಹೇಳಲಿಲ್ಲ. ಕಳೆದ ವಾರ ನಮ್ಮ ಬಾಗಿಲು ತಟ್ಟಿ, ಸರ್ಕಾರಿ ವಕೀಲರಿಗೆ ಪತ್ರ ಬರೆಯಬೇಕು, ಕನ್ನಡದಲ್ಲಿ ಬರೆದುಕೊಡುತ್ತೀರಾ ಎಂದು ಕೇಳಿದ. ಊಟದ ಮೇಜಿನ ಮೇಲಿದ್ದ ಎರಡು ಫೋನುಗಳನ್ನು ಪಕ್ಕಕ್ಕೆ ಸರಿಸಿ ನಾವು ಮೂವರೂ ಬರೆಯಲು ಕುಳಿತೆವು.